ಕ್ರೂಸ್‌ನಲ್ಲಿ ತೆಗೆದ ಫೋಟೊ, ವಿಡಿಯೊ ಎಲ್ಲಿ ತುಂಬಿಡೋದು? ಲ್ಯಾಪ್‌ಟಾಪ್ ಒಯ್ಯುವುದಿಲ್ಲ

ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು, ಸುಲಿಯೋದು ಎಲ್ಲ ಮುಗಿಸಿಕೊಂಡು ಮಾರ್ಚ್‌ನಲ್ಲಿ ಮನೆಮಂದಿಯೆಲ್ಲ ಸಿಂಗಾಪುರದಿಂದ ಹೊರಡುವ ಕ್ರೂಸ್‌ಗೆ ಹೋಗುತ್ತಿದ್ದೇವೆ. ಹಡಗು ಪೆನಾಂಗ್, ಫುಕೆಟ್ ಎರಡು ಕಡೆ ನಿಲ್ಲುತ್ತದೆ. ಸಿಗಂದೂರಿನ ಲಾಂಚ್ ಬಿಟ್ಟರೆ ಬೇರೆ ಹಡಗು ಹತ್ತಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಈಗ ಅಲ್ಲೂ ಸೇತುವೆ ಆಯ್ತು ಬಿಡಿ.

ನನ್ನ ಚಿಂತೆ ಫೋಟೊದ್ದು. ನನ್ನ ಆಂಡ್ರಾಯ್ಡ್ ಫೋನ್ 128 ಜಿಬಿ, ಈಗಲೇ ಜಾಗ ಇಲ್ಲ ಅಂತ ದಿನಾ ಗೋಳು. ನಮ್ಮನೆಯವರದ್ದು ಹಳೇ ಐಫೋನ್. ಮಾವನವರು ಫೋಟೊ ತೆಗೆಯುವುದೇ ಇಲ್ಲ, ಏನಿದ್ದರೂ ವಿಡಿಯೊ. ಜೋಗಕ್ಕೆ ಹೋದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಬೇರೆ ಬೇರೆ ವಿಡಿಯೊ ಆಗಬೇಕು ಅವರಿಗೆ. ಜೊತೆಗೆ 24 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ, ಅದರಲ್ಲಿ ಒಂದೇ ಒಂದು 64 ಜಿಬಿ ಕಾರ್ಡ್. ಲ್ಯಾಪ್‌ಟಾಪ್ ಹೊರೋದು ಬೇಡ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಹೀಗಿರುವಾಗ ಏನು ತಗೊಂಡು ಹೋಗಬೇಕು, ಅಲ್ಲಿ ದಿನಾ ಏನು ಮಾಡಬೇಕು, ಹೋಗಿ ಬಂದವರು ಹೇಳಿ.

ಗೋಪಾಳದ ಐಟಿ ಹುಡುಗ

ಅಕ್ಕ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್‌ನಲ್ಲಿ ಉಚಿತ ಜಾಗ 15 ಜಿಬಿ. 2021ರ ಜೂನ್ 1ರಿಂದ ಫೋಟೊಗಳೂ ಅದೇ 15 ಜಿಬಿ ಲೆಕ್ಕಕ್ಕೆ ಬರುತ್ತವೆ, ಜಿಮೇಲೂ ಅದರಲ್ಲೇ. ಐಫೋನಿನವರ ಐಕ್ಲೌಡ್‌ನಲ್ಲಿ ಉಚಿತ ಬರೀ 5 ಜಿಬಿ. ದುಡ್ಡು ಕೊಟ್ಟು ದೊಡ್ಡ ಪ್ಲಾನ್ ತಗೊಳ್ಳಿ, ಬ್ಯಾಕಪ್ ಆನ್ ಮಾಡಿ, ಆರಾಮಾಗಿ ತಿರುಗಾಡಿ. ಎಲ್ಲ ತಾನಾಗಿಯೇ ಮೇಲೆ ಹೋಗುತ್ತದೆ.

ಹಡಗಿನಲ್ಲಿದ್ದವ, ಹೊಸನಗರ

ತಮ್ಮಾ, ಮೇಲೆ ಹೋಗೋಕೆ ದಾರಿ ಬೇಕಲ್ವಾ? ನಾನು ಕ್ರೂಸ್ ಹಡಗುಗಳಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡಿದವನು. ದಡ ಬಿಟ್ಟ ಮೇಲೆ ನಿಮ್ಮ ಸಿಮ್‌ಗೆ ನೆಲದ ಟವರ್ ಸಿಗುವುದಿಲ್ಲ. ಆಗ ಹಡಗಿನದ್ದೇ ಮೊಬೈಲ್ ನೆಟ್‌ವರ್ಕ್ ಶುರುವಾಗುತ್ತದೆ. ಫೋನ್ ಹೇಳದೆ ಕೇಳದೆ ಅದಕ್ಕೆ ಸೇರಿಕೊಳ್ಳುತ್ತದೆ. ಮಾಮೂಲಿ ವಿದೇಶಿ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಇದಕ್ಕೆ ನಡೆಯುವುದಿಲ್ಲ, ಕ್ರೂಸ್‌ಗೇ ಬೇರೆ ಪ್ಯಾಕ್ ಬೇಕು. ಅದಿಲ್ಲದೆ ಫೋಟೊ ಬ್ಯಾಕಪ್ ಓಡಿದರೆ ಬಿಲ್ಲು ನೋಡಿ ಎದೆ ಒಡೆಯಬೇಕು. ಹಾಗಾಗಿ ಹಡಗು ಹತ್ತುತ್ತಿದ್ದ ಹಾಗೆ ಮನೆಯವರೆಲ್ಲರ ಫೋನನ್ನೂ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಏರ್‌ಪ್ಲೇನ್ ಮೋಡ್ ಇದ್ದರೂ ವೈಫೈ ಮಾತ್ರ ಬೇರೆಯಾಗಿ ಆನ್ ಮಾಡಿಕೊಳ್ಳಬಹುದು.

ಹಡಗಿನ ವೈಫೈ ಬರುವುದು ಸ್ಯಾಟಲೈಟ್‌ನಿಂದ. ಮೊದಲಿಗಿಂತ ಈಗ ಎಷ್ಟೋ ಪಾಲು ಸುಧಾರಿಸಿದೆ, ಇಲ್ಲ ಅನ್ನುವುದಿಲ್ಲ. ಆದರೂ ಸಾವಿರಗಟ್ಟಲೆ ಜನ ಅದನ್ನೇ ಹಂಚಿಕೊಳ್ಳಬೇಕು. ಬೇಸಿಗೆಯಲ್ಲಿ ಇಡೀ ಕೇರಿಗೆ ಒಂದೇ ನಲ್ಲಿ ಬಿಟ್ಟ ಹಾಗೆ. ಅದಕ್ಕೆ ದುಡ್ಡೂ ಬೇರೆ, ಹೆಚ್ಚಾಗಿ ಒಂದೊಂದು ಫೋನಿಗೆ, ದಿನದ ಲೆಕ್ಕ. ಮಕ್ಕಳ ಅಜ್ಜಿಗೆ ವಾಟ್ಸಾಪ್ ಕಾಲ್ ಮಾಡೋಣ ಅಂತ ಪ್ಯಾಕೇಜ್ ತಗೊಂಡಿರುತ್ತೀರಿ. ಅದನ್ನು ಒಳಗೊಳಗೇ ಬ್ಯಾಕಪ್ ತಿಂದು ಹಾಕುತ್ತದೆ. ಗೂಗಲ್ ಫೋಟೋಸ್, ಐಕ್ಲೌಡ್ ಫೋಟೋಸ್, ವಾಟ್ಸಾಪ್ ಬ್ಯಾಕಪ್ ಮೂರನ್ನೂ ಮನೆಯಲ್ಲೇ ಆಫ್ ಮಾಡಿಕೊಂಡು ಹೊರಡಿ.

ಗೋಪಾಳದ ಐಟಿ ಹುಡುಗ

ಒಪ್ಪಿದೆ ಅಣ್ಣಾ. ಹಾಗಾದರೆ ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್‌ನಲ್ಲಿರುವ ಆ ಜಾಗಕ್ಕೆ, ಹಾಕುವುದು ಊರಿಗೆ ಬಂದ ಮೇಲೆ. ಅದರಲ್ಲೂ ಒಂದು ಲೆಕ್ಕ ಇದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 64 ಜಿಬಿ ಮೇಲೆ ಹೋಗಲು ಎಡೆಬಿಡದೆ 14 ಗಂಟೆ ಬೇಕು. ಸಾಗರದ ಪೇಟೆಯಲ್ಲಿ ಫೈಬರ್ ಇದ್ದರೆ ಒಂದು ರಾತ್ರಿಯ ಕೆಲಸ. ಒಳಗಿನ ಹಳ್ಳಿಯಲ್ಲಿ, ಮರದ ಕೆಳಗೆ ನಿಂತರೆ ಮಾತ್ರ ಸಿಗ್ನಲ್ ಅನ್ನುವ ಕಡೆ, ಬೇಡವೇ ಬೇಡ. ಬೆಂಗಳೂರಿನಲ್ಲಿ ಇಳಿದು ನೆಂಟರ ಮನೆಯಲ್ಲಿ ಉಳಿಯುವುದಾದರೆ ಅಲ್ಲೇ ರಾತ್ರಿ ಹಾಕಿಬಿಡಿ.

ದುರ್ಗಿಗುಡಿ ಸ್ಟುಡಿಯೊ

ಮದುವೆ ಫೋಟೊ ತೆಗೆಯುವುದು ನನ್ನ ಕಸುಬು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಾರ್ಡ್. 24 ಮೆಗಾಪಿಕ್ಸೆಲ್‌ನ ಒಂದು ಜೆಪೆಗ್ ಫೋಟೊ ಹೆಚ್ಚೂಕಡಿಮೆ 10 ಎಂಬಿ ಬರುತ್ತದೆ. 64 ಜಿಬಿಯಲ್ಲಿ ಆರು ಸಾವಿರದ ಹತ್ತಿರ ಹಿಡಿಯುತ್ತದೆ. ಬರೀ ಫೋಟೊ ಆದರೆ ಧಾರಾಳ ಸಾಕು. ‘ರಾ’ (ಎಡಿಟ್ ಮಾಡುವವರಿಗಾಗಿ ಕ್ಯಾಮೆರಾ ಹಿಂಡದೆ ಇಡುವ ದೊಡ್ಡ ಫೈಲ್) ಮತ್ತು ಜೆಪೆಗ್ ಎರಡೂ ಒಟ್ಟಿಗೆ ತೆಗೆದರೆ ಒಂದು ಸಾವಿರದ ಐನೂರಕ್ಕೆ ಬಂದು ನಿಲ್ಲುತ್ತದೆ. ಎಡಿಟ್ ಮಾಡುವ ಅಭ್ಯಾಸ ಇಲ್ಲದಿದ್ದರೆ ರಾ ಬೇಡ, ನಿಮ್ಮ ಕಾರ್ಡಿಗೂ ದಂಡ, ನಿಮಗೂ ದಂಡ.

ಆದರೂ ಇನ್ನೊಂದು 64 ಜಿಬಿ ಕಾರ್ಡ್ ತಗೊಳ್ಳಿ. ಜಾಗಕ್ಕಲ್ಲ. ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಇಡಬಾರದು ಅಂತ. ಅರ್ಧ ಪ್ರವಾಸ ಒಂದರಲ್ಲಿ, ಇನ್ನರ್ಧ ಮತ್ತೊಂದರಲ್ಲಿ. ಮೊದಲ ಕಾರ್ಡ್ ಹೊರಗೆ ತೆಗೆದ ಕೂಡಲೇ ಅದರ ಪಕ್ಕದಲ್ಲಿರುವ ಸಣ್ಣ ಲಾಕ್ ಬಟನ್ ಕೆಳಗೆ ತಳ್ಳಿ. ಆಮೇಲೆ ಯಾರು ಕ್ಯಾಮೆರಾಕ್ಕೆ ಹಾಕಿದರೂ ಅಳಿಸಲು, ಬರೆಯಲು ಬಿಡುವುದಿಲ್ಲ. ಮಕ್ಕಳ ಕೈಗೆ ಕ್ಯಾಮೆರಾ ಕೊಡುವವರಿಗೆ ಇದು ಬಹಳ ಮುಖ್ಯ.

ಕಾರ್ಡನ್ನು ಗೊತ್ತಿರುವ ಅಂಗಡಿಯಲ್ಲಿ ಬಿಲ್ ಹಾಕಿಸಿ ತಗೊಳ್ಳಿ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ಹೋದರೆ ನಕಲಿ ಬರುವುದುಂಟು. ಕಳೆದ ವರ್ಷ ಗಿರಾಕಿಯೊಬ್ಬರು ಅಂಥದ್ದೊಂದು ತಂದು ಕೊಟ್ಟರು. ಮೇಲೆ 256 ಜಿಬಿ ಅಂತ ಬರೆದಿದೆ, ಕಂಪ್ಯೂಟರ್‌ನಲ್ಲೂ 256 ಅಂತಲೇ ತೋರಿಸುತ್ತದೆ, ಒಳಗಿರುವ ಚಿಪ್ ಮಾತ್ರ 16 ಜಿಬಿಯದ್ದು. ಅಷ್ಟು ತುಂಬುವವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಬರೆದದ್ದು ಎಲ್ಲೂ ನಿಲ್ಲುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಮೇಲ್ಗಡೆ ಒಂದು ಪಟ್ಟಿ ಆಕಾಶ, ಕೆಳಗೆಲ್ಲ ಬೂದು ಬಣ್ಣ. ಅವರ ಮಗಳ ನಾಮಕರಣದ ಅರ್ಧ ಹಾಗೆ ಹೋಯಿತು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಉಚಿತ ತಂತ್ರಾಂಶ ಇದೆ. ಹೊಸ ಕಾರ್ಡನ್ನು ಅದು ಪೂರ್ತಿ ತುಂಬಿಸಿ, ವಾಪಸ್ ಓದಿ ನೋಡುತ್ತದೆ. ಹೊರಡುವ ಮೊದಲೇ ಮಾಡಿಸಿ.

ಇನ್ನು ರಾತ್ರಿಯ ಕೆಲಸ. ಒಂದು ಟೈಪ್-ಸಿ ಹಬ್ ಸಿಗುತ್ತದೆ, ಒಂದು ಕಡೆ ಕಾರ್ಡ್ ಹಾಕುವ ಕಿಂಡಿ, ಇನ್ನೊಂದು ಕಡೆ ಯುಎಸ್‌ಬಿ. ಅದನ್ನು ನಿಮ್ಮ ಆಂಡ್ರಾಯ್ಡ್ ಫೋನಿಗೆ ಚುಚ್ಚಿ, ಫೈಲ್ಸ್ ಆ್ಯಪ್ ತೆರೆದು, ಕಾರ್ಡಿನಿಂದ ನೇರವಾಗಿ ಎಸ್‌ಎಸ್‌ಡಿಗೆ (ಒಳಗೆ ತಿರುಗುವ ಭಾಗ ಇಲ್ಲದ ಸಣ್ಣ ಹಾರ್ಡ್‌ಡಿಸ್ಕ್‌ನಂಥದ್ದು) ಅಥವಾ ಪೆನ್‌ಡ್ರೈವ್‌ಗೆ ಕಾಪಿ ಮಾಡಬಹುದು. ಫೋನಿನ ಜಾಗ ಖರ್ಚಾಗುವುದಿಲ್ಲ. ಎಲ್ಲ ಫೋನೂ ಒಟ್ಟಿಗೆ ಎರಡು ಡ್ರೈವ್ ತಗೊಳ್ಳುವುದಿಲ್ಲ, ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಫೋನಿನಲ್ಲಿ ತೆಗೆದದ್ದನ್ನೂ ಅದೇ ಡ್ರೈವ್‌ಗೆ ಹಾಕಿ, ದಿನಕ್ಕೊಂದು ಫೋಲ್ಡರ್. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಿ, ತಾನಾಗಿ ಸಾಲಾಗಿ ನಿಲ್ಲುತ್ತವೆ.

ನಿಮ್ಮನೆಯವರ ಹಳೇ ಐಫೋನಿಗೆ ಟೈಪ್-ಸಿ ಇರುವುದಿಲ್ಲ, ಅದು ಬಂದದ್ದು 2023ರ ಐಫೋನ್ 15ರಿಂದ. ಒಂದು ತುದಿಯಲ್ಲಿ ಲೈಟ್ನಿಂಗ್, ಅಂದರೆ ಹಳೇ ಐಫೋನಿನ ಚಾರ್ಜಿಂಗ್ ಕಿಂಡಿಗೆ ಕೂರುವ ಪಿನ್, ಇರುವ ಪೆನ್‌ಡ್ರೈವ್ ತಗೊಳ್ಳಿ.

ಕಾಪಿ ಆದ ಮೇಲೆ ನಾಲ್ಕೈದು ಫೋಟೊ, ಒಂದೆರಡು ವಿಡಿಯೊ ಡ್ರೈವ್‌ನಿಂದಲೇ ತೆರೆದು ನೋಡಿ. ‘ಕಾಪಿ ಆಯ್ತು’ ಅಂತ ಪರದೆ ಹೇಳಿದ್ದನ್ನು ನಂಬಿ ಮಲಗಬೇಡಿ.

ಮಲ್ನಾಡ್ ಬೈಕರ್

ಎಷ್ಟೊಂದು ಖಟಪಟಿ ಮಾರಾಯ್ರೆ! ನಾನು ಕೊಡಚಾದ್ರಿಗೆ ಹೋದರೂ ಲಡಾಖ್‌ಗೆ ಹೋದರೂ ಒಂದೇ ಕಾರ್ಡ್. ರಾತ್ರಿ ಪೆನ್‌ಡ್ರೈವ್‌ಗೆ ಹಾಕೋದು, ಕಾರ್ಡ್ ಫಾರ್ಮ್ಯಾಟ್ ಮಾಡೋದು, ಬೆಳಗ್ಗೆ ಹೊಸದಾಗಿ ಶುರು. ಇದುವರೆಗೆ ಏನೂ ಆಗಿಲ್ಲ.

ದುರ್ಗಿಗುಡಿ ಸ್ಟುಡಿಯೊ

ಬೈಕರ್ ಸಾಹೇಬ್ರೆ, ಫಾರ್ಮ್ಯಾಟ್ ಮಾಡಿದ ಆ ಗಳಿಗೆಯಲ್ಲಿ ನಿಮ್ಮ ಹತ್ತಿರ ಇರುವುದು ಮತ್ತೆ ಒಂದೇ ಪ್ರತಿ. ಅದೂ ಜೇಬಿನಿಂದ ಜಾರುವಂಥ ಪೆನ್‌ಡ್ರೈವ್‌ನಲ್ಲಿ. ಕಾಪಿ ಮಾಡಿದ ಶ್ರಮಕ್ಕೆ ಏನು ಸಿಕ್ಕಿತು ಹೇಳಿ? ಜಾಗ ಬದಲಾಯಿತು ಅಷ್ಟೆ. ಕಾರ್ಡ್ ಖಾಲಿ ಮಾಡುವುದು ಊರಿಗೆ ಬಂದು, ಎರಡು ಕಡೆ ಇಳಿಸಿಕೊಂಡ ಮೇಲೆ. ಮದುವೆಯದ್ದಾದರೆ ಆಲ್ಬಂ ಕೊಡುವವರೆಗೂ ನಾವು ಕಾರ್ಡ್ ಮುಟ್ಟುವುದಿಲ್ಲ.

ಅಕಸ್ಮಾತ್ ಯಾರಾದರೂ ಅಳಿಸಿಬಿಟ್ಟರೆ ಆ ಕಾರ್ಡಿನಲ್ಲಿ ಮತ್ತೆ ಒಂದು ಫೋಟೊನೂ ತೆಗೆಯಬೇಡಿ. ಹೊರಗೆ ತೆಗೆದು ಎತ್ತಿಡಿ. ಮೇಲೆ ಹೊಸದು ಬರೆಯದಿದ್ದರೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಲ್ಲಿ ಎಷ್ಟೋ ವಾಪಸ್ ಬರುತ್ತವೆ.

ಮಲ್ನಾಡ್ ಬೈಕರ್

ಸರಿ ಸರಿ, ಇನ್ನೊಂದು ಕಾರ್ಡ್ ತಗೊಳ್ತೇನೆ. ಲಾಕ್ ಬಟನ್ ಯಾಕಿದೆ ಅಂತ ಇವತ್ತು ಗೊತ್ತಾಯ್ತು.

ತೋಟದಮನೆ, ಸಾಗರ

ತುಂಬಾ ಉಪಕಾರ ಆಯ್ತು. ಮನೆಯಲ್ಲಿದ್ದ ಒಂದು ಪೆನ್‌ಡ್ರೈವ್ ಹಾಕಿ ನೋಡಿದೆ. ಫೋಟೊ ಎಲ್ಲ ಹೋಯಿತು. ಮಾವನವರು ತೆಗೆದ ಯಕ್ಷಗಾನದ ಒಂದು ವಿಡಿಯೊ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ.

ಗೋಪಾಳದ ಐಟಿ ಹುಡುಗ

ಆ ಒಂದೇ ಫೈಲು 4 ಜಿಬಿ ದಾಟಿರಬೇಕು ನೋಡಿ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ತಗೊಳ್ಳುವುದಿಲ್ಲ, ಎಷ್ಟೇ ಜಾಗ ಇದ್ದರೂ. ಕಂಪ್ಯೂಟರ್‌ನಲ್ಲಿ ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿಕೊಳ್ಳಿ. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ತೆಗೆದಿಡಿ. ಈಗಿನ ಆಂಡ್ರಾಯ್ಡ್, ಐಫೋನ್, ವಿಂಡೋಸ್ ಎಲ್ಲ ಎಕ್ಸ್‌ಫ್ಯಾಟ್ ಓದುತ್ತವೆ. ತೀರಾ ಹಳೇ ಆಂಡ್ರಾಯ್ಡ್ ಫೋನ್ ಕೆಲವು ಓದುವುದಿಲ್ಲ.

ವಿನೋಬನಗರದ ಟೀಚರ್

ಎಲ್ಲರೂ ತುಂಬಿಡುವ ಬಗ್ಗೆ ಹೇಳುತ್ತಿದ್ದೀರಿ, ಕಡಿಮೆ ತೆಗೆಯುವ ಬಗ್ಗೆ ಯಾರೂ ಸೊಲ್ಲೆತ್ತಿಲ್ಲ. ಒಂದೇ ಸೂರ್ಯಾಸ್ತಕ್ಕೆ ಮೂವತ್ತು ಫೋಟೊ ಯಾಕೆ ಬೇಕು? ಮೂರು ಜನ ಪಕ್ಕಪಕ್ಕ ನಿಂತು ಅದೇ ಸೂರ್ಯನನ್ನು ತೆಗೆದರೆ ತೊಂಬತ್ತು. ನಿವೃತ್ತಿಯಾದ ಮೇಲೆ ನಾವೂ ಹಡಗಿನಲ್ಲಿ ಹೋಗಿ ಬಂದೆವು. ಊಟಕ್ಕೆ ಕಾಯುವಾಗ ಕೂತು ಆ ದಿನದ್ದನ್ನು ಆರಿಸುತ್ತಿದ್ದೆ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ತಟ್ಟೆಯಲ್ಲಿದ್ದ ಪನೀರು, ಎಲ್ಲ ಅಲ್ಲೇ ತೆಗೆದುಹಾಕುವುದು. ನಮ್ಮ ಯಜಮಾನರಿಗೆ ಪನೀರಿನ ಫೋಟೊ ಹೋಯಿತು ಅಂತ ಇವತ್ತಿಗೂ ಸಿಟ್ಟು.

ಒಂದು ವಿಷಯ ನೆನಪಿರಲಿ. ಅಳಿಸಿದ ಕೂಡಲೇ ಜಾಗ ಖಾಲಿಯಾಗುವುದಿಲ್ಲ. ಐಫೋನ್‌ನಲ್ಲಿ ‘ಇತ್ತೀಚೆಗೆ ಅಳಿಸಿದ್ದು’ ಅನ್ನುವ ಕಡೆ 30 ದಿನ ಕೂತಿರುತ್ತದೆ. ಗೂಗಲ್ ಫೋಟೋಸ್‌ನಲ್ಲೂ ಕಸದ ಬುಟ್ಟಿ ಇದೆ, ಬ್ಯಾಕಪ್ ಆಗಿದ್ದು ಅಲ್ಲಿ 60 ದಿನ ಇರುತ್ತದೆ. ಅದನ್ನೂ ಖಾಲಿ ಮಾಡಬೇಕು. ಹಾಗೆಯೇ ಬ್ಯಾಕಪ್ ಆದ ಫೋಟೊವನ್ನು ಆ ಆ್ಯಪ್ ಒಳಗಿನಿಂದ ಅಳಿಸಿದರೆ ಫೋನಿನಿಂದಲೂ ಕ್ಲೌಡ್‌ನಿಂದಲೂ ಎರಡೂ ಕಡೆ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಬೇಕಾದರೆ ಅದಕ್ಕೇ ಇರುವ ‘ಜಾಗ ಖಾಲಿ ಮಾಡಿ’ ಆಯ್ಕೆ ಒತ್ತಿ, ಅದು ಮೇಲೆ ಹೋಗಿ ಸೇರಿದ್ದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಐಕ್ಲೌಡ್‌ನಲ್ಲೂ ಅಳಿಸಿದರೆ ಎಲ್ಲ ಕಡೆ ಹೋಯಿತು ಅಂತಲೇ ಲೆಕ್ಕ.

ಇನ್ನು ನಿಮ್ಮ ಫೋನ್ ಈಗಲೇ ತುಂಬಿದೆ ಅಂದಿರಲ್ಲ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂತ ಇದೆ, ಯಾವ ಗುಂಪು ಎಷ್ಟು ಜಾಗ ನುಂಗಿದೆ ಅಂತ ಅಲ್ಲಿ ಕಾಣುತ್ತದೆ. ಕುಟುಂಬದ ಗುಂಪಿನ ಶುಭೋದಯದ ಹೂವುಗಳನ್ನು ತೆಗೆದರೇ ನಿಮ್ಮ ಕ್ರೂಸ್‌ಗೆ ಬೇಕಾದ ಅರ್ಧ ಜಾಗ ಸಿಕ್ಕೀತು.

ಹಡಗಿನಲ್ಲಿದ್ದವ, ಹೊಸನಗರ

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅಳಿಸುವ ಕೆಲಸ ಕಾಪಿ ಆದ ಮೇಲೆ ಮಾಡಿ. ನಿದ್ದೆಗಣ್ಣಲ್ಲಿ ಬೇಕಾದ್ದೇ ಹೋಗುತ್ತದೆ.

ಫೋಟೊಕ್ಕೆ ಸಂಬಂಧಪಟ್ಟ ಹಾಗೆ ಹಡಗಿನ ಒಂದು ಪದ್ಧತಿ ಹೇಳುತ್ತೇನೆ, ಮೊದಲ ಸಲ ಹೋಗುವವರಿಗೆ ಗೊತ್ತಿರುವುದಿಲ್ಲ. ಹತ್ತುವಾಗ ದೊಡ್ಡ ಸೂಟ್‌ಕೇಸ್‌ಗಳನ್ನು ಟರ್ಮಿನಲ್‌ನಲ್ಲೇ ತಗೊಳ್ಳುತ್ತಾರೆ. ಅವು ನಿಮ್ಮ ಕೋಣೆಗೆ ಬರುವಾಗ ಕೆಲವು ಗಂಟೆ ಆಗಿರುತ್ತದೆ. ಇಳಿಯುವ ಹಿಂದಿನ ರಾತ್ರಿ ಮತ್ತೆ ಸೂಟ್‌ಕೇಸ್ ಬಾಗಿಲಾಚೆ ಇಡಿ ಅನ್ನುತ್ತಾರೆ. ರಾತ್ರಿಯೇ ಎಲ್ಲರದ್ದೂ ಒಯ್ದು, ಬೆಳಗ್ಗೆ ಕೆಳಗೆ ಸಾಲಾಗಿ ಇಟ್ಟಿರುತ್ತಾರೆ. ಒಂದೇ ಬಣ್ಣದ ಸೂಟ್‌ಕೇಸ್ ಎಷ್ಟೋ ಇರುತ್ತವೆ, ಅದಲುಬದಲು ಆಗುವುದುಂಟು. ಡ್ರೈವ್, ಕಾರ್ಡ್, ಕ್ಯಾಮೆರಾ ಯಾವುದನ್ನೂ ಅದರೊಳಗೆ ಹಾಕಲೇಬಾರದು. ಕಾರ್ಡ್‌ಗಳು ನಿಮ್ಮ ವ್ಯಾನಿಟಿ ಬ್ಯಾಗ್‌ನಲ್ಲಿ, ಡ್ರೈವ್ ನಿಮ್ಮನೆಯವರ ಕೈಚೀಲದಲ್ಲಿ. ಎರಡೂ ಒಂದೇ ಚೀಲದಲ್ಲಿದ್ದರೆ ಎರಡು ಪ್ರತಿ ಮಾಡಿದ್ದಕ್ಕೆ ಅರ್ಥವಿಲ್ಲ. ದಡಕ್ಕೆ ಸುತ್ತಾಡಲು ಇಳಿದಾಗ ಡ್ರೈವ್ ಕೋಣೆಯ ಲಾಕರ್‌ನಲ್ಲಿ ಇರಲಿ.

ಚಾರ್ಜಿಂಗ್‌ಗೆ ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ. ಸರ್ಜ್ ಪ್ರೊಟೆಕ್ಟರ್ (ಕರೆಂಟ್ ಒಮ್ಮೆಲೇ ಏರಿದರೆ ತಡೆಯುವ ಭಾಗ) ಇರುವುದನ್ನು ಬಹುತೇಕ ಹಡಗುಗಳಲ್ಲಿ ಬಿಡುವುದಿಲ್ಲ, ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ನಾಲ್ಕೈದು ಯುಎಸ್‌ಬಿ ಕಿಂಡಿ ಇರುವ ಒಂದು ಚಾರ್ಜರ್ ಸಾಕು. ಪವರ್‌ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ.

ದುರ್ಗಿಗುಡಿ ಸ್ಟುಡಿಯೊ

ಇನ್ನೊಂದು ನೆನಪಾಯಿತು. ಕ್ಯಾಮೆರಾದ ಗಡಿಯಾರ! ಸಿಂಗಾಪುರ, ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್ ಒಂದೂವರೆ ಗಂಟೆ ಮುಂದೆ. ಫೋನ್‌ಗಳು ಹೆಚ್ಚಾಗಿ ತಾವೇ ಬದಲಾಯಿಸಿಕೊಳ್ಳುತ್ತವೆ, ಏರ್‌ಪ್ಲೇನ್ ಮೋಡ್‌ನಲ್ಲಿ ಅದೂ ಖಾತ್ರಿ ಇಲ್ಲ. ಕ್ಯಾಮೆರಾ ಅಂತೂ ಸಾಗರದ ಟೈಮಿನಲ್ಲೇ ಇರುತ್ತದೆ. ಊರಿಗೆ ಬಂದು ಎಲ್ಲವನ್ನೂ ಒಂದೇ ಕಡೆ ಸೇರಿಸಿದರೆ ಪೆನಾಂಗ್‌ನ ಮಧ್ಯಾಹ್ನದ ಊಟ ಬೆಳಗಿನ ಸುತ್ತಾಟದ ಮಧ್ಯೆ ಬಂದು ಕೂರುತ್ತದೆ.

ಸುಲಭದ ದಾರಿ ಅಂದರೆ ಪ್ರತಿ ಹೊಸ ಜಾಗದಲ್ಲಿ ಕ್ಯಾಮೆರಾದಿಂದ ನಿಮ್ಮ ಫೋನಿನ ಗಡಿಯಾರದ ಒಂದು ಫೋಟೊ ತೆಗೆಯಿರಿ, ಸೆಕೆಂಡ್ ಮುಳ್ಳು ಕಾಣುವ ಹಾಗೆ. ಎಷ್ಟು ವ್ಯತ್ಯಾಸ ಅಂತ ಆ ಒಂದು ಫೋಟೊ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ಕ್ಯಾಮೆರಾದ ಎಲ್ಲ ಫೋಟೊಗಳ ಸಮಯವನ್ನೂ ಒಟ್ಟಿಗೆ ಮುಂದೂಡಬಹುದು.

ತೀರ್ಥಹಳ್ಳಿ ಮಳೆಗಾಲ

ಹಡಗಿನದ್ದು ಎಲ್ಲರೂ ಹೇಳಿದರು. ಊರಿಗೆ ಬಂದ ಮೇಲಿನದ್ದು ನಾನು ಹೇಳುತ್ತೇನೆ, ಯಾಕಂದರೆ ನಮ್ಮ ಕಡೆ ಫೋಟೊ ಹಾಳಾಗುವುದು ಸಮುದ್ರದಲ್ಲಲ್ಲ, ಜೂನ್ ಜುಲೈನಲ್ಲಿ ಮನೆಯೊಳಗೆ.

ಕ್ಯಾಮೆರಾಕ್ಕೆ ಉಪ್ಪು ಗಾಳಿ ತಾಗಿರುತ್ತದೆ. ಬಂದ ಕೂಡಲೇ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಗಡೆ ಒರೆಸಿ, ಒಣಗಿಸಿ ಇಡಿ. ಹಾಗೇ ಬ್ಯಾಗಿನಲ್ಲಿ ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಬೂಸಲು. ಬೆಳಕಿಗೆ ಹಿಡಿದು ನೋಡಿದರೆ ಜೇಡರ ಬಲೆಯ ಎಳೆಗಳು ಕಾಣುತ್ತವೆ, ಆ ಸ್ಥಿತಿಗೆ ಬಂದರೆ ರಿಪೇರಿಗೆ ಕೊಡಬೇಕು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಹುಗಿದಿಡುವವರನ್ನೂ ನೋಡಿದ್ದೇನೆ. ಅಕ್ಕಿಯ ಹುಡಿ ಒಳಗೆ ಹೋಗುತ್ತದೆ, ಬೇಡ.

ಹಡಗಿನಲ್ಲೂ ಒಂದು ತೇವದ ಕಾಟ ಇದೆ. ಎಸಿ ಕೋಣೆಯಿಂದ ಒಮ್ಮೆಲೇ ಮೇಲಿನ ಡೆಕ್‌ಗೆ ಹೋದರೆ ಲೆನ್ಸ್ ಪೂರ್ತಿ ಮಂಜಾಗುತ್ತದೆ. ಜಿಪ್ ಕವರ್‌ನೊಳಗೆ ಮುಚ್ಚಿಕೊಂಡು ಹೋಗಿ, ಹೊರಗಿನ ಸೆಕೆಗೆ ಕ್ಯಾಮೆರಾ ಹೊಂದಿಕೊಂಡ ಮೇಲೆ ಹೊರಗೆ ತೆಗೆಯಿರಿ. ಮಂಜಾಗಿರುವಾಗ ಲೆನ್ಸ್ ಬಿಚ್ಚುವುದಾಗಲಿ ಕಾರ್ಡ್ ಬದಲಿಸುವುದಾಗಲಿ ಬೇಡ.

ಮನೆಯಲ್ಲಿ ಎರಡು ಹಾರ್ಡ್‌ಡಿಸ್ಕ್ ಇರಲಿ, ಎರಡರಲ್ಲೂ ಅವೇ ಫೋಟೊ. ಒಂದನ್ನು ಹಬ್ಬಕ್ಕೆ ಬಂದ ಮಗನ ಕೈಯಲ್ಲೋ ತಂಗಿಯ ಕೈಯಲ್ಲೋ ಬೆಂಗಳೂರಿಗೆ ಕಳಿಸಿಬಿಡಿ. ಗುಡುಗು ಸಿಡಿಲಿನ ದಿನ ಕಂಪ್ಯೂಟರ್‌ಗೆ ಹಾರ್ಡ್‌ಡಿಸ್ಕ್ ಚುಚ್ಚಿಯೇ ಬಿಡುವುದು ನಮ್ಮ ಊರಿಗೆ ಸಲ್ಲದ ಧೈರ್ಯ. ಎಸ್‌ಎಸ್‌ಡಿ ಪ್ರವಾಸಕ್ಕೆ ಒಳ್ಳೆಯದು, ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ಆದರೆ ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡಲು ಅದನ್ನು ನಂಬಬೇಡಿ.

ತೋಟದಮನೆ, ಸಾಗರ

ಇಷ್ಟೆಲ್ಲ ಕೇಳಿದ ಮೇಲೆ ನಾವು ತಗೊಂಡದ್ದು ಒಂದು ಹಬ್, 500 ಜಿಬಿಯ ಒಂದು ಎಸ್‌ಎಸ್‌ಡಿ, ಇನ್ನೊಂದು ಕಾರ್ಡ್, ಐಫೋನಿಗೆ ಪೆನ್‌ಡ್ರೈವ್. ಎಲ್ಲ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲೇ ಸಿಕ್ಕಿತು. ಉಳಿದದ್ದು ಮಾವನವರ ವಿಡಿಯೊ. ಅವರಿಗೆ ಕಡಿಮೆ ತೆಗೆಯಿರಿ ಅಂತ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಗೋಪಾಳದ ಐಟಿ ಹುಡುಗ

ಹೇಳುವುದೇ ಬೇಡ ಅಕ್ಕ, ಸೆಟ್ಟಿಂಗ್ ಬದಲಿಸಿ. 4ಕೆ, ಸೆಕೆಂಡಿಗೆ 60 ಫ್ರೇಮ್ ಇದ್ದರೆ ಒಂದು ನಿಮಿಷದ ವಿಡಿಯೊಕ್ಕೆ ಸುಮಾರು 400 ಎಂಬಿ. 4ಕೆ, 30 ಫ್ರೇಮ್ ಆದರೆ 170. ಎಚ್‌ಡಿ, 30 ಫ್ರೇಮ್ ಆದರೆ 60 ಎಂಬಿ. ಇದು ಐಫೋನ್ ತನ್ನ ಸೆಟ್ಟಿಂಗ್ಸ್‌ನಲ್ಲೇ ತೋರಿಸುವ ಲೆಕ್ಕ. ಆಂಡ್ರಾಯ್ಡ್‌ನಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಟಿವಿಯಲ್ಲಿ ನೋಡಲು ಎಚ್‌ಡಿ ಸಾಕು, ಅವರಿಗೆ ಗೊತ್ತೂ ಆಗುವುದಿಲ್ಲ.

ಅವರ ಫೋನೂ ಆಂಡ್ರಾಯ್ಡ್ ಆದರೆ ಅದರಿಂದ ನಿಮ್ಮ ಫೋನಿಗೆ ಕ್ವಿಕ್ ಶೇರ್‌ನಲ್ಲಿ ಕಳಿಸಿಕೊಳ್ಳಿ. ಇಂಟರ್‌ನೆಟ್ ಬೇಡ, ಹಡಗಿನ ವೈಫೈಗೆ ದುಡ್ಡೂ ಬೇಡ, ಎರಡು ಫೋನ್ ಪಕ್ಕಪಕ್ಕ ಇದ್ದರೆ ಆಯಿತು. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅದು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ.

ತೋಟದಮನೆ, ಸಾಗರ

ಅವರದ್ದೂ ಆಂಡ್ರಾಯ್ಡೇ, ಹಾಗೇ ಮಾಡ್ತೇನೆ. ಕೊನೇ ಪ್ರಶ್ನೆ. ಹಡಗಿನವರೇ ಫೋಟೊ ತೆಗೆಯುತ್ತಾರಂತಲ್ಲ, ಅದರ ಫೈಲ್ ಕೊಡ್ತಾರಾ?

ಹಡಗಿನಲ್ಲಿದ್ದವ, ಹೊಸನಗರ

ಹತ್ತುವಾಗ, ಊಟದ ಹಾಲ್‌ನಲ್ಲಿ, ದಡಕ್ಕೆ ಇಳಿಯುವಾಗ ನಿಲ್ಲಿಸಿ ತೆಗೆಯುತ್ತಾರೆ. ತೆಗೆಸಿಕೊಳ್ಳಲು ದುಡ್ಡಿಲ್ಲ, ಬೇಕು ಅಂದರೆ ಮಾತ್ರ ದುಡ್ಡು. ಅದೇನೂ ಕಡಿಮೆ ಅಲ್ಲ. ಬೇಡ ಅನ್ನಿಸಿದರೆ ಸುಮ್ಮನೆ ಮುಂದೆ ಹೋಗಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪ್ರಿಂಟೋ ಫೈಲೋ ಅಂತ ಕೌಂಟರ್‌ನಲ್ಲಿ ಮೊದಲೇ ಕೇಳಿ. ಫೈಲ್ ಅಂತ ಬರೀ ಲಿಂಕ್ ಕೊಟ್ಟರೆ ಅದು ಎಷ್ಟು ದಿನ ತೆರೆದಿರುತ್ತದೆ ಅನ್ನುವುದನ್ನೂ ಕೇಳಿಕೊಳ್ಳಿ. ಕೊನೇ ರಾತ್ರಿ ಆ ಕೌಂಟರ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ದಿನ ಮುಂಚೆಯೇ ಹೋಗಿ ಮುಗಿಸಿಕೊಳ್ಳಿ.